ಕವಲು ರಸ್ತೆಯ ಚೂಪು ಮೂಲೆ ಸೈಟು: ಮೂತಿಯವರೆಗೂ ಕಟ್ಟಬೇಕೇ, ಬಿಡಬೇಕೇ?

ಕವಲುದಾರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎರಡು ರಸ್ತೆ ಕೂಡುವ ಕವಲಿನಲ್ಲಿ ತ್ರಿಕೋನದ ಸೈಟು. ದೊಡ್ಡ ರಸ್ತೆ ಕಡೆ 60 ಅಡಿ, ಹಿಂದೆ ಪಕ್ಕದವರ ಸೈಟಿಗೆ ಹೊಂದಿಕೊಂಡು 30 ಅಡಿ. ಈ ಎರಡು ಬದಿ ಕೂಡುವ ಮೂಲೆ ಮಾತ್ರ ನೇರ, ಮೂಲೆಮಟ್ಟ ಇಟ್ಟರೆ ಸರಿಯಾಗಿ ಕೂರುತ್ತದೆ. ಸಣ್ಣ ರಸ್ತೆ ಕಡೆ ಪೂರಾ ಓರೆ, ಟೇಪು ಹಿಡಿದರೆ 67 ಅಡಿ 1 ಇಂಚು. ಒಟ್ಟು 900 ಚದರಡಿ. ಮೂರು ಕಡೆಯೂ 3 ಅಡಿ ಸೆಟ್‌ಬ್ಯಾಕ್ (ಗಡಿಯಿಂದ ಖಾಲಿ ಜಾಗ) ಬಿಡಬೇಕೆಂದು ಪ್ಲಾನ್ ಬರೆಯುವವರು ಹೇಳಿದ್ದಾರೆ.

ಕೆಳಗೆ ಅಂಗಡಿ, ಮೇಲೆ ಎರಡು ಅಂತಸ್ತು ಮನೆ ಎಂಬುದು ಯೋಚನೆ. ಮೇಸ್ತ್ರಿ ಮೂತಿಯ ತುದಿಯಲ್ಲೇ ಒಂದು ಪಿಲ್ಲರ್ ಎಬ್ಬಿಸಿ, ಅಲ್ಲೇ ಸುತ್ತು ಮೆಟ್ಟಿಲು ಹಾಕಿದರೆ ಒಂದಿಂಚೂ ದಂಡವಾಗುವುದಿಲ್ಲ ಎನ್ನುತ್ತಾರೆ. ನ್ಯೂಯಾರ್ಕಿನ ಫ್ಲಾಟೈರನ್ ಕಟ್ಟಡದ ಫೋಟೊ ನೋಡಿದರೆ ಅಲ್ಲೂ ಚೂಪು ತುದಿವರೆಗೆ ಕಟ್ಟಿದ ಹಾಗೇ ಕಾಣುತ್ತದೆ. ಹಾಗಾದರೆ ನಾವೂ ಕಟ್ಟಬಹುದೇ? ಪಿಲ್ಲರ್ ಸಾಲು ಯಾವ ರಸ್ತೆಗೆ ಹೊಂದಿಸಬೇಕು? ಅನುಭವಸ್ಥರು ಲೆಕ್ಕದ ಸಮೇತ ಹೇಳಿದರೆ ಉಪಕಾರ.

---

ನೀಲಿನಕ್ಷೆ ಉತ್ತರ:

ಮೊದಲು ಕಾಗದದ ಮೇಲೆ ಒಂದು ಕೆಲಸ ಮಾಡಿ. 60, 30, 67 ಅಡಿ 1 ಇಂಚಿನ ತ್ರಿಕೋನ ಬರೆದು ಮೂರೂ ಬದಿಯಿಂದ 3 ಅಡಿ ಒಳಗೆ ಗೆರೆ ಎಳೆಯಿರಿ. ಮೂತಿಯ ಕಡೆ ಏನಾಯಿತು ನೋಡಿ. ನಿಮ್ಮ ಕೋನ ಸುಮಾರು 26½ ಡಿಗ್ರಿ. ಇಷ್ಟು ಚೂಪಾದ ಕಡೆ ಎರಡು ಬದಿಗೂ ಮೂರು ಮೂರು ಅಡಿ ಬಿಟ್ಟರೆ ತುದಿಯಲ್ಲಿ ಹೋಗುವುದು 3 ಅಡಿ ಅಲ್ಲ, 13 ಅಡಿ. ಉಳಿಯುವ ತ್ರಿಕೋನ 44 ಅಡಿ 3 ಇಂಚು, 22 ಅಡಿ 2 ಇಂಚು, 49 ಅಡಿ 6 ಇಂಚು. ವಿಸ್ತೀರ್ಣ ಸುಮಾರು 490 ಚದರಡಿ. 900ರಲ್ಲಿ 410 ಚದರಡಿ ಸೆಟ್‌ಬ್ಯಾಕಿಗೇ ಹೋಯಿತು. ಚೌಕ ಸೈಟಿನ ಲೆಕ್ಕ ತಲೆಯಲ್ಲಿಟ್ಟುಕೊಂಡು ತ್ರಿಕೋನಕ್ಕೆ ಬಜೆಟ್ ಹಾಕಿದವರು ಎಡವುವುದು ಇಲ್ಲೇ.

ಇನ್ನು ಉಳಿದ 490ರಲ್ಲಿ ಮೂತಿಯ ಬೆಲೆ ಎಷ್ಟು? ನಿಮ್ಮ ಸೈಟಿನ ಅನುಕೂಲ ಏನೆಂದರೆ ಉದ್ದ ಎರಡು ಅಡಿ ಹೋದರೆ ಅಗಲ ಒಂದು ಅಡಿ ಹೆಚ್ಚುತ್ತದೆ, ಬಾಯಿಲೆಕ್ಕದಲ್ಲೇ ಮುಗಿಯುತ್ತದೆ. ಹೊಸ ತುದಿಯಿಂದ 8 ಅಡಿ ಒಳಗೆ ಬಂದರೆ ಅಗಲ 4 ಅಡಿ. ಈ 8 ಅಡಿ ಮೂತಿಯನ್ನು ಪೂರ್ತಿ ಕತ್ತರಿಸಿ ಬಿಸಾಡಿದರೂ ಕಳೆದುಕೊಳ್ಳುವುದು 16 ಚದರಡಿ. ಉದ್ದದಲ್ಲಿ ಐದನೇ ಒಂದರಷ್ಟು ಹೋದ ಹಾಗೆ ಕಾಣುತ್ತದೆ, ಜಾಗದಲ್ಲಿ ನೂರಕ್ಕೆ ಮೂರು ಚಿಲ್ಲರೆ. ಈ 16 ಚದರಡಿಗಾಗಿ ಪಿಲ್ಲರು, ಫುಟಿಂಗು, ಬೀಮು, ಶಟರಿಂಗು ಎಂದು ಮಾಡುವ ಖರ್ಚು ಇಡೀ ಕಟ್ಟಡದಲ್ಲೇ ಚದರಡಿಗೆ ಅತಿ ದುಬಾರಿ ಖರ್ಚು. ಮೇಸ್ತ್ರಿ ಹೇಳುವ ‘ಒಂದಿಂಚೂ ದಂಡವಿಲ್ಲ’ ಎನ್ನುವುದು ನಿಜ, ದಂಡವಾಗುವುದು ದುಡ್ಡು.

ಫ್ಲಾಟೈರನ್ ವಿಷಯ. ಅದು ಚೂಪು ತುದಿವರೆಗೆ ಕಟ್ಟಿದ್ದಲ್ಲ, ಹಾಗೆ ಕಾಣುವಂತೆ ಕಟ್ಟಿದ್ದು. ಮ್ಯಾನ್‌ಹಟನ್ನಿನ 1811ರ ಚೌಕಳಿ ರಸ್ತೆಗಳನ್ನು ಅದಕ್ಕಿಂತ ಹಳೆಯ ಬ್ರಾಡ್‌ವೇ ಓರೆಯಾಗಿ ಕತ್ತರಿಸಿಕೊಂಡು ಹೋಗುತ್ತದೆ. ಅದು ಫಿಫ್ತ್ ಅವೆನ್ಯೂವನ್ನು 23ನೇ ಬೀದಿಯ ಹತ್ತಿರ ದಾಟುವ ಕಡೆ ಉಳಿದ ತ್ರಿಕೋನದಲ್ಲಿ 1902ರಲ್ಲಿ ಈ ಕಟ್ಟಡ ಮುಗಿಯಿತು. ವಿನ್ಯಾಸ ಷಿಕಾಗೋದ ಡೇನಿಯಲ್ ಬರ್ನ್‌ಹ್ಯಾಮ್ ಅವರ ಕಚೇರಿಯದು, ಜೊತೆಗಿದ್ದವರು ಫ್ರೆಡೆರಿಕ್ ಡಿಂಕೆಲ್‌ಬರ್ಗ್. ಫಿಫ್ತ್ ಅವೆನ್ಯೂ ಕಡೆ 197½ ಅಡಿ, ಬ್ರಾಡ್‌ವೇ ಕಡೆ 214½ ಅಡಿ, ಹಿಂದೆ 22ನೇ ಬೀದಿ ಕಡೆ 86 ಅಡಿ. ಅಂದರೆ ಅದೂ ನಿಮ್ಮ ಸೈಟಿನ ಹಾಗೆ ಒಂದು ಮೂಲೆ ಹೆಚ್ಚುಕಡಿಮೆ ನೇರವಿರುವ ತ್ರಿಕೋನ, ಕೋನ ನಿಮ್ಮದಕ್ಕಿಂತ ಸ್ವಲ್ಪ ಚೂಪು. ಆದರೂ ಅವರು ಮೂತಿಯನ್ನು ದುಂಡಗೆ ಮಾಡಿ ಸುಮಾರು 6½ ಅಡಿ ಅಗಲದಲ್ಲೇ ನಿಲ್ಲಿಸಿದರು. 285 ಅಡಿ ಎತ್ತರದ ಪಕ್ಕ 6½ ಅಡಿ ಅಗಲ ಕತ್ತಿಯ ಅಲಗಿನ ಹಾಗೆ ಕಾಣುತ್ತದೆ, ಅಷ್ಟೇ. ನಿಮ್ಮ ಮೂರು ಅಂತಸ್ತಿಗೆ ಅದೇ ಅಗಲ ಮೊಂಡಾಗಿ ಕಂಡೀತು, ಅದಕ್ಕೇ 4 ಅಡಿ ಹೇಳುತ್ತಿದ್ದೇನೆ. ಲಿಫ್ಟು, ಮೆಟ್ಟಿಲು ಯಾವುದನ್ನೂ ಅವರು ಮೂತಿಯಲ್ಲಿ ಇಡಲಿಲ್ಲ, ಅಗಲವಾದ ಒಡಲಿನಲ್ಲಿ ಇಟ್ಟರು.

ಅದಕ್ಕೂ ಹತ್ತು ವರ್ಷ ಮೊದಲು, 1892ರಲ್ಲಿ, ಟೊರಾಂಟೊದಲ್ಲಿ ಕಟ್ಟಿದ ಗುಡರ್‌ಹ್ಯಾಮ್ ಕಟ್ಟಡ ನಿಮಗೆ ಇನ್ನೂ ಹತ್ತಿರದ ಮಾದರಿ. ಐದೇ ಅಂತಸ್ತು, ಕೆಂಪು ಇಟ್ಟಿಗೆ. ಅಲ್ಲೂ ಮೂತಿ ದುಂಡು, ಅದರ ಮೇಲೊಂದು ತಾಮ್ರದ ಶಂಕು ಟೋಪಿ. ಚೂಪನ್ನು ಚೂಪಾಗಿಯೇ ಬಿಟ್ಟವರು ಕಡಿಮೆ, ಅದಕ್ಕೆ ಕಾರಣ ಮುಂದೆ ಗಾರೆಯವರು ಹೇಳಲಿ.

ನಿಮ್ಮಲ್ಲಿ ಹೊಸ ತುದಿಯ ಒಳಗೆ 2 ಅಡಿ ತ್ರಿಜ್ಯದ ದುಂಡು ಕೂರಿಸಿ. ದುಂಡು ಗೋಡೆಗೆ ಸೇರುವ ಜಾಗ ತುದಿಯಿಂದ 8½ ಅಡಿಗೆ ಬರುತ್ತದೆ, ಮೂತಿ 6 ಅಡಿ 8 ಇಂಚು ಹಿಂದಕ್ಕೆ ಸರಿಯುತ್ತದೆ. ನೇರ ಕತ್ತರಿಸಿದರೆ 16 ಚದರಡಿ ಹೋಗುತ್ತಿತ್ತು, ದುಂಡು ಮಾಡಿದರೆ 11½ ಚದರಡಿ ಮಾತ್ರ.

---

ಕಂಬಿಲೆಕ್ಕ ಉತ್ತರ:

ಮೇಲಿನವರ ಲೆಕ್ಕ ಸರಿಯಿದೆ. ಅವರ ಹೊಸ ತುದಿಯನ್ನೇ ಸೊನ್ನೆ ಎಂದು ಹಿಡಿದು ಪಿಲ್ಲರ್ ಹೇಳುತ್ತೇನೆ.

ಸಾಲುಗಳನ್ನು ದೊಡ್ಡ ರಸ್ತೆಗೆ ಹೊಂದಿಸಿ, ಅಡ್ಡ ಬೀಮುಗಳೆಲ್ಲ ಆ ರಸ್ತೆಗೆ ನೇರ ಮೂಲೆಯಲ್ಲಿ ಬರಲಿ. ಹಾಗೆ ಮಾಡಿದರೆ ಇಡೀ ಕಟ್ಟಡದ ಓರೆಯೆಲ್ಲ ಸಣ್ಣ ರಸ್ತೆಯ ಒಂದೇ ಬೀಮು ಸಾಲಿಗೆ ಸೇರುತ್ತದೆ, ಮಿಕ್ಕ ಕೋಣೆಗಳಿಗೆ ಮೂರು ಗೋಡೆಯಾದರೂ ನೇರ ಸಿಗುತ್ತವೆ. ಕೆಲವರು ಚೆಂದಕ್ಕೆಂದು ಮೂತಿಯ ನಡುಗೆರೆ ಹಿಡಿದು ಎರಡೂ ಕಡೆ ಸಮ ಓರೆ ಬರುವ ಹಾಗೆ ಸಾಲು ಹಾಕುತ್ತಾರೆ. ನಕ್ಷೆಯಲ್ಲಿ ಬಾಣದ ಹಾಗೆ ಕಾಣುತ್ತದೆ, ಕಟ್ಟಿದ ಮೇಲೆ ಒಂದು ಕೋಣೆಯಲ್ಲೂ ಬೀರು ಗೋಡೆಗೆ ಆತು ನಿಲ್ಲುವುದಿಲ್ಲ.

ಅಡ್ಡ ಸಾಲು ನಾಲ್ಕು: 12, 21, 32 ಮತ್ತು 44 ಅಡಿಯಲ್ಲಿ. ಅಲ್ಲಿ ಅಗಲ ಕ್ರಮವಾಗಿ 6, 10½, 16, 22 ಅಡಿ. ಮೊದಲ ಮೂರು ಸಾಲಿಗೆ ಎರಡೆರಡು ಪಿಲ್ಲರ್, ಕೊನೆಯದಕ್ಕೆ ನಡುವೆ ಒಂದು ಸೇರಿಸಿ ಮೂರು. ಒಟ್ಟು ಒಂಬತ್ತು. ಓರೆ ಬದಿಯ ಬೀಮಿನ ಉದ್ದಕ್ಕೆ 12 ಅಡಿ ಇದ್ದಲ್ಲಿ 13 ಅಡಿ 5 ಇಂಚು ಲೆಕ್ಕ ಹಿಡಿಯಬೇಕು. ಕಂಬಿ ಪಟ್ಟಿ ಬರೆಯುವಾಗ ಇದನ್ನು ಮರೆತು ಎರಡು ಬದಿಗೂ ಒಂದೇ ಉದ್ದ ಕತ್ತರಿಸಿಬಿಡುತ್ತಾರೆ, ಆಮೇಲೆ ಜೋಡಣೆಯ ಕಂಬಿ ಸಾಲುವುದಿಲ್ಲ. 9 ಇಂಚು ಪಿಲ್ಲರ್ ನಮ್ಮ ಕಡೆ ರೂಢಿ. ಆದರೆ ಭೂಕಂಪ ತಾಳುವ ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕ ಐಎಸ್ 13920ರ 2016ರ ಆವೃತ್ತಿ ಪಿಲ್ಲರಿನ ಸಣ್ಣ ಬದಿ 300 ಮಿ.ಮೀ.ಗಿಂತ ಕಡಿಮೆ ಇರಬಾರದು ಎನ್ನುತ್ತದೆ. ಓರೆ ಜಂಕ್ಷನ್ ಇರುವ ಕಟ್ಟಡದಲ್ಲಿ ಈ ಮಾತನ್ನು ಮೀರಲೇಬೇಡಿ.

ತುದಿಯಲ್ಲಿ ಪಿಲ್ಲರ್ ಬೇಡ ಎಂದು ನಾನೂ ಹೇಳುತ್ತೇನೆ, ಕಾರಣ ಕಂಬಿ. ಎರಡು ಬೀಮು 26½ ಡಿಗ್ರಿಯಲ್ಲಿ ಒಂದೇ ಪಿಲ್ಲರಿಗೆ ಬಂದು ಸೇರಿದರೆ ಎರಡರ ಮೇಲಿನ ಕಂಬಿ, ಕೆಳಗಿನ ಕಂಬಿ, ಅವುಗಳ ಮಡಿಕೆ, ಪಿಲ್ಲರಿನ ನಿಂತ ಕಂಬಿ, ರಿಂಗು ಎಲ್ಲ ಒಂದು ಚದರಡಿಯಲ್ಲಿ ಹೆಣೆದುಕೊಳ್ಳುತ್ತವೆ. 20 ಮಿ.ಮೀ. ಜಲ್ಲಿ ಆ ಸಂದಿಯಲ್ಲಿ ಇಳಿಯುವುದಿಲ್ಲ, ವೈಬ್ರೇಟರ್ ಸೂಜಿ ತೂರುವುದಿಲ್ಲ. ಸೆಂಟ್ರಿಂಗ್ ಬಿಚ್ಚಿದಾಗ ಬೀಮಿನ ತಳದಲ್ಲಿ ಜೇನುಗೂಡಿನಂಥ ತೂತು. ಅದರ ಮೇಲೆ ಸಿಮೆಂಟು ಸವರಿ ಮುಚ್ಚಿದರೆ ಕಣ್ಣಿಗೆ ಮರೆ, ಅಷ್ಟೇ.

ಬದಲಿಗೆ 12 ಅಡಿ ಸಾಲಿನ ಎರಡು ಪಿಲ್ಲರುಗಳಿಂದ ಎರಡು ಬದಿಯ ಬೀಮುಗಳನ್ನೂ ಮುಂದಕ್ಕೆ ಚಾಚಿ ದುಂಡಿನಲ್ಲಿ ಒಂದಕ್ಕೊಂದು ಸೇರಿಸಿ. ಚಾಚು ಸುಮಾರು 5½ ಅಡಿ, ಹಿಂದಿನ ಅಂಕಣ (ಮುಂದಿನ ಪಿಲ್ಲರ್ ಸಾಲಿನವರೆಗಿನ ಜಾಗ) 9 ಅಡಿ, ತೂಕ ಸರಿದೂಗುತ್ತದೆ. ಚಾಚಿನಲ್ಲಿ ಎಳೆತ ಇರುವುದು ಮೇಲ್ಗಡೆ. ಆದ್ದರಿಂದ ಮೇಲಿನ ಕಂಬಿ ಪಿಲ್ಲರ್ ದಾಟಿ ಒಳಕ್ಕೆ ಚಾಚಿನ ಉದ್ದದ ಒಂದೂವರೆ ಪಟ್ಟು, ಅಂದರೆ 8 ಅಡಿ 3 ಇಂಚಾದರೂ ಹೋಗಬೇಕು. ಇಲ್ಲಿ ಹಿಂದಿನ ಅಂಕಣವೇ 9 ಅಡಿ ಇರುವುದರಿಂದ ಅರ್ಧಕ್ಕೆ ನಿಲ್ಲಿಸುವ ಬದಲು ಮುಂದಿನ ಪಿಲ್ಲರಿನವರೆಗೆ ಎಳೆದುಬಿಡಿ. ಆರ್‌ಸಿಸಿ ಹಾಕುವ ದಿನ ಕೂಲಿಯವರು ಬಾಂಡ್ಲಿ ಹೊತ್ತು ಇದೇ ಕಂಬಿ ತುಳಿಯುತ್ತಾರೆ. ಸ್ಲ್ಯಾಬಿನ ಮೇಲಿನ ಕಂಬಿ ಎರಡು ಇಂಚು ತಗ್ಗಿದರೂ ಅದರ ಅರ್ಧ ಶಕ್ತಿ ಹೋದ ಹಾಗೆ. ಚಾಚಿನ ಭಾಗದಲ್ಲಿ ಎರಡು ಅಡಿಗೊಂದು ಚೇರ್ (ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ ಕಂಬಿಯ ಕಾಲು) ಕೊಡಿ, ನಡೆದಾಡಲು ಹಲಗೆ ಹಾಸಿ. ಚಾಚಿನ ಕೆಳಗೆ ಕೊಟ್ಟ ಊರೆ (ಆಸರೆ ಕಂಬ) 14 ದಿನಕ್ಕೆ ಮುಂಚೆ ಮುಟ್ಟಬೇಡಿ. ಮೇಲಿನ ಅಂತಸ್ತಿನ ಚಾಚಿಗೆ ಕೊಟ್ಟ ಊರೆ ಕೆಳಗಿನ ಚಾಚಿನ ಮೇಲೆಯೇ ನಿಲ್ಲುವುದರಿಂದ ಕೆಳಗಿನ ಊರೆಯನ್ನು ಮೇಲಿನದು ಬಿಚ್ಚುವವರೆಗೂ ಉಳಿಸಿ. ಬಿಚ್ಚುವಾಗ ತುದಿಯಿಂದ ಶುರುಮಾಡಿ ಪಿಲ್ಲರ್ ಕಡೆಗೆ ಬರಬೇಕು. ತಿರುಗಾಮುರುಗಾ ಬಿಚ್ಚಿದರೆ ಚಾಚು ಕ್ಷಣಕಾಲ ತುದಿಯ ಊರೆಯ ಮೇಲೆ ಸಾದಾ ಬೀಮಿನ ಹಾಗೆ ಕೂರುತ್ತದೆ, ಕೆಳಗಡೆ ಬಿರುಕು ಬಿಡುತ್ತದೆ.

ಫುಟಿಂಗ್: 12 ಅಡಿ ಸಾಲಿನ ಎರಡು ಪಿಲ್ಲರ್ ನಡುವೆ 5 ಅಡಿ ಚಿಲ್ಲರೆ ಮಾತ್ರ ಅಂತರ. ಒಂದೊಂದಕ್ಕೂ 5 ಅಡಿ ಚೌಕದ ಫುಟಿಂಗ್ ಬಂದರೆ ಎರಡೂ ತಾಗಿಬಿಡುತ್ತವೆ. ಎರಡಕ್ಕೂ ಸೇರಿಸಿ ಒಂದೇ ಉದ್ದ ಫುಟಿಂಗ್ ಹಾಕಿ. ಅಳತೆ ಮಣ್ಣು ಪರೀಕ್ಷೆ ನೋಡಿ ಸೈಟಿನ ಎಂಜಿನಿಯರ್ ನಿರ್ಧರಿಸಲಿ.

ಕೊನೆಯದಾಗಿ ಯಾರೂ ಕೇಳದ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ: ತಿರುಚು. ತ್ರಿಕೋನ ಮಹಡಿಯ ತೂಕದ ಕೇಂದ್ರ ಹಿಂದಿನ ಗೋಡೆಯಿಂದ ಮೂರನೇ ಒಂದು ದೂರದಲ್ಲಿ, ನಿಮ್ಮಲ್ಲಿ 14¾ ಅಡಿಯಲ್ಲಿ ಬರುತ್ತದೆ. ಆದರೆ ಬಿಗಿ ಇರುವುದೆಲ್ಲ ಹಿಂದೆಯೇ: ಕಿಟಕಿ ಇಲ್ಲದ ಹಿಂಗೋಡೆ, ಮೆಟ್ಟಿಲಿನ ಸುತ್ತಿನ ಗೋಡೆ. ಮುಂದೆ ಕೆಳ ಅಂತಸ್ತಿನಲ್ಲಿ ಎರಡೂ ರಸ್ತೆಗೆ ಶಟರ್ ಇಟ್ಟು ಬಯಲು ಮಾಡುತ್ತೀರಿ. ನೆಲ ಅಲುಗಿದಾಗ ಕಟ್ಟಡ ಹಿಂದಿನ ಗೋಡೆಯನ್ನು ಕೀಲು ಮಾಡಿಕೊಂಡು ಬಾಗಿಲಿನ ಹಾಗೆ ತಿರುಗಲು ನೋಡುತ್ತದೆ. ಹೆಚ್ಚು ಅಲ್ಲಾಡುವುದು ಮೂತಿ, ಅದೂ ಅಡ್ಡಡ್ಡಕ್ಕೆ. ಮಹಡಿಯ ಒಂದು ತುದಿಯ ಸರಿತ ಇನ್ನೊಂದು ತುದಿಯ ಸರಿತದ ಒಂದೂವರೆ ಪಟ್ಟು ಮೀರಿದರೆ ಭೂಕಂಪದ ಮಾನಕ ಐಎಸ್ 1893 ಅದನ್ನು ತಿರುಚಿನ ದೋಷ ಎಂದೇ ಎಣಿಸುತ್ತದೆ. ಪರಿಹಾರ ಮೂತಿಯ ಕಡೆ ಅಡ್ಡ ಬಿಗಿ ಕೊಡುವುದು. 21 ಅಡಿ ಸಾಲಿನ ಎರಡು ಪಿಲ್ಲರುಗಳನ್ನು 12 ಇಂಚು × 18 ಇಂಚು ಮಾಡಿ, 18 ಇಂಚು ಅಡ್ಡಕ್ಕೆ ಬರುವಂತೆ ತಿರುಗಿಸಿ. ಅಲ್ಲಿ 10½ ಅಡಿ ಅಗಲವಿದೆ, ಅಂಗಡಿಗೆ ಏಳೂವರೆ ಅಡಿ ದಾರಿ ಉಳಿಯುತ್ತದೆ. 12 ಅಡಿ ಸಾಲಿನಲ್ಲಿ ಹೀಗೆ ಮಾಡಿದರೆ ಮೂರೇ ಅಡಿ ಉಳಿಯುವುದರಿಂದ ಅಲ್ಲಿ 14 ಇಂಚಿನ ದುಂಡು ಪಿಲ್ಲರ್ ಸಾಕು. ದುಂಡು ಪಿಲ್ಲರಿಗೆ ಬೀಮು ಯಾವ ಕೋನದಲ್ಲಿ ಬಂದರೂ ಮೂಲೆ ತಾಗುವ ತಕರಾರಿಲ್ಲ.

ಹ್ಞಾ, ಫ್ಲಾಟೈರನ್ನಿನ ಎಂಜಿನಿಯರುಗಳಾದ ಪರ್ಡಿ ಮತ್ತು ಹೆಂಡರ್ಸನ್ ತಲೆ ಕೆಡಿಸಿಕೊಂಡಿದ್ದು ಗಾಳಿಯ ಬಗ್ಗೆ. ನಿಮ್ಮ ಮೂರು ಅಂತಸ್ತಿಗೆ ಗಾಳಿ ಲೆಕ್ಕಕ್ಕಿಲ್ಲ. ಆ ಉಕ್ಕಿನ ಅಸ್ಥಿಪಂಜರಕ್ಕೂ ನಮ್ಮ ಬ್ಲಾಕು ತುಂಬಿದ ಚೌಕಟ್ಟಿಗೂ ಹೋಲಿಕೆ ಆಕಾರದಲ್ಲಿ ಮಾತ್ರ.

---

ಗಾರೆಮಟ್ಟ ಉತ್ತರ:

ಮಾರ್ಕಿಂಗ್ ಬಗ್ಗೆ ಹೇಳ್ತೀನಿ. ಕಾಗದದ ಮೇಲೆ ಎಷ್ಟೇ ಸರಿ ಇದ್ದರೂ ದಾರ ಕಟ್ಟುವಾಗ ಕೆಡುತ್ತೆ.

ನೇರ ಮೂಲೆಯಿಂದ ಶುರುಮಾಡಿ, ಮೂತಿಯಿಂದ ಅಲ್ಲ. ಅಲ್ಲಿ ಗೂಟ ಹೊಡೆದು ದೊಡ್ಡ ರಸ್ತೆ ಕಡೆ 8 ಅಡಿ, ಹಿಂದಿನ ಕಡೆ 6 ಅಡಿ ಗುರುತು ಮಾಡಿ, ನಡುವೆ 10 ಅಡಿ ಬಂದರೆ ಮೂಲೆ ನೇರ. 3-4-5 ಅಂತ ಚಿಕ್ಕದರಲ್ಲಿ ಹಿಡೀಬೇಡಿ, ತಪ್ಪು ದೊಡ್ಡದಾಗುತ್ತೆ. ಆಮೇಲೆ 60, 30 ಅಳೆದು ಗೂಟ ಹೊಡೆದು ಓರೆ ಬದಿ ಟೇಪು ಹಿಡೀರಿ. 67 ಅಡಿ 1 ಇಂಚು ಬಂದರೆ ಮುಗೀತು. ಚೌಕಕ್ಕೆ ಕರ್ಣ ನೋಡಬೇಕು, ತ್ರಿಕೋನಕ್ಕೆ ಬೇಕಿಲ್ಲ. ಮೂರು ಬದಿ ಸರಿ ಇದ್ದರೆ ಅದು ಅಲುಗೋದೇ ಇಲ್ಲ.

ಸೆಟ್‌ಬ್ಯಾಕ್ ಗುರುತು ಮಾಡೋವಾಗ ಹತ್ತರಲ್ಲಿ ಎಂಟು ಕಡೆ ತಪ್ಪು ಆಗೋದು ಇಲ್ಲಿ: ಓರೆ ಬದಿಯ 3 ಅಡಿಯನ್ನು ಅಡ್ಡ ದಾರದ ಗುಂಟ ಅಳೀತಾರೆ. ಅದು ಓರೆ ಗೆರೆಗೆ ನೇರ ಮೂಲೆಯಲ್ಲಿ ಇರಬೇಕು. ಅಡ್ಡ ದಾರದ ಗುಂಟವೇ ಅಳೆಯೋದಾದರೆ 3 ಅಡಿ 4¼ ಇಂಚು ಹಿಡೀರಿ. 3 ಅಡಿ ಹಿಡಿದರೆ ನಿಜವಾಗಿ ಬಿಟ್ಟಿದ್ದು 2 ಅಡಿ 8 ಇಂಚು, ಗೋಡೆ ಎದ್ದ ಮೇಲೆ ಅಳೆದರೆ ನಾಲ್ಕು ಇಂಚು ಅತಿಕ್ರಮ ಅಂತ ಬರುತ್ತೆ. ಪ್ಲಾನಿನಲ್ಲಿ ಸರಿ ಇದ್ದು ಕಟ್ಟಡದಲ್ಲಿ ತಪ್ಪೋದು ಅಂದರೆ ಇದು.

ಚೂಪು ಮೂಲೆ ಯಾಕೆ ಬೇಡ? 6 ಇಂಚಿನ ಎರಡು ಗೋಡೆ ಈ ಕೋನದಲ್ಲಿ ಸೇರಿದರೆ ಹೊರತುದಿಯಿಂದ ಒಳಮೂಲೆಗೆ 26 ಇಂಚು. ಅಷ್ಟೂ ಗಟ್ಟಿ ಗೋಡೆ, ಒಳಗೆ ಕೈ ಹಾಕೋಕೂ ಜಾಗ ಇರಲ್ಲ. ಬ್ಲಾಕನ್ನು ಚೂಪಾಗಿ ಕತ್ತರಿಸಿದರೆ ತುದಿ ಬಿಸ್ಕತ್ತಿನ ಹಾಗೆ ಮುರಿಯುತ್ತೆ. ಒಂದು ವರಸೆ ಬಿಟ್ಟು ಒಂದು ವರಸೆ ಕಚ್ಚಿಸಿ ಕಟ್ಟೋಕೂ ಆಗಲ್ಲ, ಸಂದಿಗೆಲ್ಲ ಗಾರೆ ತುಂಬಿ ಎಬ್ಬಿಸ್ತಾರೆ. ಅಷ್ಟು ದಪ್ಪ ಗಾರೆ ಒಣಗಿ ಕುಗ್ಗಿದಾಗ ಮೇಲಿಂದ ಕೆಳಗೆ ಒಂದೇ ಬಿರುಕು. ಗಿಲಾವಿನ ಅಂಚು ಮಾತ್ರ ಚೂಪಾಗಿ ಎಳೆದರೆ ಮೊದಲ ಸೈಕಲ್ ಒರಗಿಸಿದ ದಿನ ಉದುರುತ್ತೆ. ಮನೆಯ ಮೂತಿ ದುಂಡು ಮಾಡಿದ್ದಕ್ಕೆ ಅಲ್ಲಿ ಈ ತೊಂದರೆ ತಪ್ಪಿತು, ಆದರೆ ಸೈಟಿನ ತುದಿಯ ಕಾಂಪೌಂಡಿಗೆ ಇದೇ ತೊಂದರೆ ಬರುತ್ತೆ. ಅಲ್ಲೂ ಒಂದು ದುಂಡು ಕಾಂಕ್ರೀಟ್ ಕಂಬ ನಿಲ್ಲಿಸಿ ಎರಡು ಗೋಡೆಯನ್ನೂ ಅದಕ್ಕೆ ತಂದು ನಿಲ್ಲಿಸಿ.

ಒಳಗಿನ ಅಡ್ಡ ಗೋಡೆ ಓರೆ ಗೋಡೆಗೆ ಸೇರೋ ಕಡೆ ಬ್ಲಾಕನ್ನು ಮಷಿನ್ ಬ್ಲೇಡಲ್ಲಿ ಕೊಯ್ಯಿಸಿ, ಕರಣೆಯಲ್ಲಿ ಕುಟ್ಟಿ ಮುರೀಬೇಡಿ. 6 ಇಂಚು ದಪ್ಪದ ಬ್ಲಾಕಿಗೆ ಒಂದು ಅಂಚು 16 ಇಂಚು ಇದ್ದರೆ ಇನ್ನೊಂದು 13. ಈ ಅಳತೆಗೆ ಒಂದು ಹಲಗೆ ತುಂಡು ಮಾಡಿ ಕೊಟ್ಟರೆ ಎಲ್ಲ ಬ್ಲಾಕೂ ಒಂದೇ ಸಮ ಬರುತ್ತೆ. ಬ್ಲಾಕು-ಪಿಲ್ಲರ್ ಸಂದಿಗೆ ಗಿಲಾವಿಗೆ ಮುಂಚೆ ಕೋಳಿ ಜಾಲರಿ, ಸಂದಿಯ ಎರಡು ಕಡೆಗೂ 6 ಇಂಚು ಹರಡಿ ಮೊಳೆ ಹೊಡೀರಿ.

ದುಂಡಿನ ಗಿಲಾವಿಗೆ ಪ್ಲೈವುಡ್ಡಲ್ಲಿ 2 ಅಡಿ ತ್ರಿಜ್ಯದ ಅಚ್ಚು ಕೊಯ್ದಿಟ್ಟುಕೊಳ್ಳಿ. ಮೇಲೆ ಕೆಳಗೆ ಒಂದೊಂದು ಪಟ್ಟಿ ಗಿಲಾವು ಎಳೆದು, ಅಚ್ಚಿಟ್ಟು ಸರಿಮಾಡಿ, ಆ ಎರಡರ ನಡುವೆ ನೇರ ಪಟ್ಟಿ ಹಿಡಿದು ಎಳೀಬೇಕು. ಬರೀ ಕಣ್ಣಂದಾಜಲ್ಲಿ ಎಳೆದ ದುಂಡು ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಕುಂಬಳಕಾಯಿ ಹಾಗೆ ಉಬ್ಬುತಗ್ಗು ಕಾಣುತ್ತೆ. ಚಾಚಿನ ತಳದಲ್ಲಿ ಅಂಚಿನಿಂದ ಒಂದು ಇಂಚು ಒಳಗೆ ಅರ್ಧ ಇಂಚಿನ ಗಾಡಿ (ನೀರು ತಡೆಯೋ ತೋಡು) ಎಳೆಯೋದು ಮರೀಬೇಡಿ, ಇಲ್ಲದಿದ್ದರೆ ಮಳೆನೀರು ತಳಕ್ಕೆ ಹರಿದು ಕಂಬಿಗೆ ತುಕ್ಕು.

---

ಕವಲುದಾರಿ:

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ತುಂಬ ಧನ್ಯವಾದ. ಮೂತಿಯ ಪಿಲ್ಲರ್ ಯೋಚನೆ ಬಿಟ್ಟೆ. ಇನ್ನು ಮೂರು ವಿಷಯ. ಒಂದು, ಮೆಟ್ಟಿಲು ಎಲ್ಲಿ? ಎರಡು, ಮೇಲಿನ ಮನೆಗಳಿಗೆ ಮೂತಿಯಲ್ಲಿ ಟಾಯ್ಲೆಟ್ ಇಟ್ಟರೆ ಹೇಗೆ, ಮಲಗುವ ಕೋಣೆಯಂತೂ ಆಗುವುದಿಲ್ಲವಲ್ಲ? ಮೂರು, ಕವಲಿನಲ್ಲೇ ಕರೆಂಟ್ ಕಂಬ ಇದೆ, 11 ಕೆ.ವಿ. ತಂತಿ ಸಣ್ಣ ರಸ್ತೆಗುಂಟ ಹೋಗುತ್ತದೆ. ಮನೆಯಲ್ಲಿ ಹಿರಿಯರು ಗೋಮುಖ, ಈಶಾನ್ಯ ಎಂದೆಲ್ಲ ಕೇಳುತ್ತಿದ್ದಾರೆ, ಅದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

---

ನೀಲಿನಕ್ಷೆ ಉತ್ತರ:

ಪಕ್ಕಕ್ಕಿಟ್ಟಿದ್ದಕ್ಕೆ ನಾನೂ ಅದರ ತಂಟೆಗೆ ಹೋಗುವುದಿಲ್ಲ. ಒಂದು ಮಾತ್ರ: ಹಿರಿಯರಿಗೆ ನೇರ ಮೂಲೆ ಬೇಕಿದ್ದರೆ ಮನೆಯ ಬಳಕೆಯ ಭಾಗವನ್ನು 20ರಿಂದ 44 ಅಡಿಯ ನಡುವೆ ತೋರಿಸಿ. ಅಲ್ಲಿ ಮೂರು ಗೋಡೆ ನೇರವೇ ಇರುತ್ತವೆ.

ಮೆಟ್ಟಿಲು ಹಿಂದಿನ ನೇರ ಮೂಲೆಗೆ. 10 ಅಡಿ ಅಂತಸ್ತಿಗೆ 6 ಇಂಚಿನ 20 ಏರು, ಹತ್ತು ಹತ್ತರ ಎರಡು ಸಾಲು. ಒಂದು ಸಾಲಿಗೆ 10 ಇಂಚಿನ 9 ತುಳಿ, ಅಂದರೆ 7½ ಅಡಿ. ಎರಡು ತುದಿಯಲ್ಲೂ 3 ಅಡಿ ನಿಲುಗಡೆ ಸೇರಿಸಿದರೆ ಉದ್ದ 13½ ಅಡಿ, ಅಗಲ 3 ಅಡಿಯ ಎರಡು ಸಾಲಿಗೆ 6½ ಅಡಿ. ಇದನ್ನು ದೊಡ್ಡ ರಸ್ತೆಯ ಗೋಡೆಗುಂಟ ಮಲಗಿಸಿ. ಮೂತಿಯಲ್ಲಿ ಸುತ್ತು ಮೆಟ್ಟಿಲು ಹಾಕಿದರೆ ತುಳಿಯ ಒಳತುದಿ ಏನೂ ಇಲ್ಲದಷ್ಟು ಕಿರಿದಾಗುತ್ತದೆ. ಇಳಿಯುವಾಗ ಹಿಮ್ಮಡಿಗೆ ಜಾಗ ಸಿಗುವುದಿಲ್ಲ, ಮಂಚ-ಬೀರು ಮೇಲೆ ಹೋಗುವುದೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಮೆಟ್ಟಿಲು ಮುಂದಿದ್ದರೆ ಕೆಳಗಿನ ಅಂಗಡಿಗೆ ಬೆಲೆ ತರುವ ಆ ಎರಡು ರಸ್ತೆ ನೋಟವೇ ಮುಚ್ಚಿಹೋಗುತ್ತದೆ.

ಟಾಯ್ಲೆಟ್ ಅಳತೆಗೇನೋ ಹಿಡಿಸುತ್ತದೆ. ಆದರೆ ಎರಡು ರಸ್ತೆಯಿಂದಲೂ ಮೊದಲು ಕಾಣುವ ಜಾಗದಲ್ಲಿ ವೆಂಟಿಲೇಟರು, ಕೆಳಗೆ ಅಂಗಡಿಯ ಗಾಜಿನ ಮುಂದೆ 4 ಇಂಚಿನ ಪೈಪು. ಚಾಚಿನ ಸ್ಲ್ಯಾಬು ತಗ್ಗಿಸಬೇಕಾಗುತ್ತದೆ, ಅದರ ಮೇಲಿನ ಕಂಬಿಯೇ ಜೀವಾಳ ಎಂದು ಕಂಬಿಲೆಕ್ಕ ಅವರು ಈಗಷ್ಟೇ ಹೇಳಿದರು. ಟಾಯ್ಲೆಟ್ ಮೆಟ್ಟಿಲಿನ ಪಕ್ಕ, ಹಿಂಗೋಡೆಗೆ ಒರಗಿ ಬರಲಿ. ಪೈಪೆಲ್ಲ ಹಿಂದಿನ 3 ಅಡಿ ಸಂದಿಯಲ್ಲಿ ಇಳಿಯುತ್ತದೆ.

ಹಾಗಾದರೆ ಮೂತಿಗೆ ಏನು? 10 ಅಡಿ ಅಗಲದ ಮಲಗುವ ಕೋಣೆ ಬೇಕೆಂದರೆ ಗೋಡೆ ದಪ್ಪ ಕಳೆದು ತುದಿಯಿಂದ 22 ಅಡಿ ಒಳಗೆ ಬರಬೇಕು. ಅಲ್ಲಿಂದ ಮುಂದಿನದು ಕೂರುವ ಜಾಗ. ಮೂತಿಯ ದುಂಡಿನಲ್ಲಿ ಗೋಡೆ ಎಬ್ಬಿಸದೆ 18 ಇಂಚು ಎತ್ತರದ ಕಲ್ಲಿನ ಆಸನ, ಅದರ ಮೇಲೆ ಮೂರು ಕಿಟಕಿ. ಬಾಗಿದ ಗಾಜು ಮಾಡಿಸುವ ಗೋಜು ಬೇಡ. ದುಂಡಿನ ಸುತ್ತ ಒಟ್ಟು 153 ಡಿಗ್ರಿ ತಿರುವು. ಮೂರು ಚಪ್ಪಟೆ ಕಿಟಕಿಗೆ ನಾಲ್ಕು ಮುರಿತ, ಒಂದೊಂದೂ 38 ಡಿಗ್ರಿ ಸ್ವಲ್ಪ ಮೇಲೆ, ಕಿಟಕಿಯ ಅಗಲ 16ರಿಂದ 17 ಇಂಚು. ಮಾಮೂಲು ಅಲ್ಯೂಮಿನಿಯಂ ಸೆಕ್ಷನ್ನಲ್ಲೇ ಆಗುತ್ತದೆ, ಮುರಿತದಲ್ಲಿ ಕೋನಕ್ಕೆ ತಕ್ಕ ಪಟ್ಟಿ ಹಾಕಿಸಬೇಕು. ಕವಲಿನಲ್ಲಿ ರಾತ್ರಿ ಬರುವ ಗಾಡಿಗಳ ಬೆಳಕು ನೇರ ಇಲ್ಲಿಗೇ ಬೀಳುವುದರಿಂದ ಮೊದಲ ಮಹಡಿಗೆ ದಪ್ಪ ಪರದೆ ಬೇಕು. ಕೆಳಗೆ ಚಾಚಿನ ನೆರಳಿನ ಜಾಗವನ್ನು ಬಯಲಾಗೇ ಬಿಡಿ. ಸೈಟಿನ ತುದಿಯಲ್ಲಿ ಕಾಂಪೌಂಡು ಎರಡೂವರೆ ಅಡಿ ಮೀರದಿದ್ದರೆ ಎರಡು ರಸ್ತೆಯ ಗಾಡಿಗಳಿಗೂ ಒಂದನ್ನೊಂದು ನೋಡಲು ಆಗುತ್ತದೆ. ಅದರ ಹಿಂದೆ ಆಳಕ್ಕೆ ಹೂತ ಎರಡು ಗ್ರಾನೈಟ್ ಕಲ್ಲು, ತಿರುವು ತಪ್ಪಿದ ಟ್ರ್ಯಾಕ್ಟರು ಬಂದರೆ ಅದಕ್ಕೆ ತಾಗಲಿ, ಪಿಲ್ಲರಿಗೆ ಬೇಡ.

ತಂತಿಯ ವಿಷಯ ಗಂಭೀರ. 11 ಕೆ.ವಿ. ತಂತಿಯಿಂದ ಕಟ್ಟಡದ ಯಾವುದೇ ಭಾಗಕ್ಕೆ ಅಡ್ಡಕ್ಕೆ 1.2 ಮೀಟರ್, ಅಂದರೆ ನಾಲ್ಕು ಅಡಿ ಇರಲೇಬೇಕು. ತಂತಿ ಕಟ್ಟಡದ ಮೇಲೆ ಹಾದರೆ ನಡುವೆ ನಿಲುವಿನಲ್ಲಿ 3.7 ಮೀಟರ್. ಅಳೆಯುವುದು ಗೋಡೆಯಿಂದಲ್ಲ, ಹೊರಕ್ಕೆ ಚಾಚಿದ ಸಜ್ಜೆಯ ಅಂಚಿನಿಂದ. ತಂತಿ ಗಾಳಿಗೆ ತೂಗುವುದನ್ನೂ ಹಿಡಿಯಬೇಕು. ಸಣ್ಣ ರಸ್ತೆ ಕಡೆ 3 ಅಡಿ ಬಿಟ್ಟು ಅದರೊಳಗೆ 2 ಅಡಿ ಸಜ್ಜೆ ತೆಗೆದರೆ ಉಳಿಯುವುದು ಒಂದೇ ಅಡಿ. ತಂತಿ ಸೈಟಿನ ಗಡಿಯ ಮೇಲೇ ಇದ್ದರೆ ಆ ಬದಿಗೆ ಸಜ್ಜೆ ಬಿಟ್ಟರೂ ಸಾಲದು, ತಂತಿಯನ್ನು ಸರಿಸಲು ವಿದ್ಯುತ್ ಕಂಪನಿಗೆ ಮೊದಲೇ ಅರ್ಜಿ ಕೊಡಬೇಕು. ಪಾಯ ತೋಡುವ ಮುಂಚೆ ಇದು ಇತ್ಯರ್ಥವಾಗಲಿ, ಸೆಂಟ್ರಿಂಗ್ ಕಂಬಿ ಎತ್ತುವಾಗ ಆಗುವ ಅನಾಹುತಗಳೆಲ್ಲ ಇಂಥ ಕಡೆಯೇ.

---

ಚೌಕಳಿ ಉತ್ತರ:

ಟೈಲಿನ ಬಗ್ಗೆ ಯಾರೂ ಹೇಳಲಿಲ್ಲ, ಸೇರಿಸುತ್ತೇನೆ. ಓರೆ ಗೋಡೆ ಇದ್ದರೆ ಟೈಲು ತುಂಬ ವೇಸ್ಟ್ ಎಂದು ಹದಿನೈದು-ಇಪ್ಪತ್ತು ಪರ್ಸೆಂಟ್ ಹೆಚ್ಚು ತರಿಸುತ್ತಾರೆ. ನಿಮ್ಮ ಓರೆ ಎರಡಕ್ಕೆ ಒಂದು, ಇದರಲ್ಲಿ ಒಂದು ಉಪಾಯವಿದೆ.

ಎರಡು ಅಡಿ ಚೌಕದ ಟೈಲು ದೊಡ್ಡ ರಸ್ತೆ ಗೋಡೆಯಿಂದ ಶುರುಮಾಡಿ. ಓರೆ ಗೆರೆ ಒಂದು ಟೈಲಿನ ಮೂಲೆಯ ಮೇಲೆ ಹಾದುಹೋಗುವ ಹಾಗೆ ಮೊದಲ ಸಾಲನ್ನು ಹಿಂದೆ ಮುಂದೆ ಸರಿಸಿ ಹೊಂದಿಸಿ. ಆಗ ಗೆರೆಗುಂಟ ಎರಡೇ ಬಗೆಯ ತುಂಡು ಬೇಕಾಗುತ್ತದೆ: ಒಂದು 2 ಅಡಿ, 1 ಅಡಿ ಬದಿಯ ತ್ರಿಕೋನ, ಅದರ ಪಕ್ಕದ ಟೈಲಿಗೆ ಅದೇ ತ್ರಿಕೋನ ಕಳೆದ ಉಳಿಕೆ. ಒಂದು ಟೈಲನ್ನು ಮೂಲೆಯಿಂದ ಎದುರು ಬದಿಯ ನಡುವಿಗೆ ಕೊಯ್ದರೆ ಎರಡೂ ಸಿಗುತ್ತವೆ. ತ್ರಿಕೋನವನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸರಿಯಾಗಿ ಕೂರುತ್ತದೆ, ಮಗುಚಬೇಕಿಲ್ಲವಾದ್ದರಿಂದ ಹೊಳಪಿನ ಮುಖ ಮೇಲೇ ಇರುತ್ತದೆ. 24 ಅಡಿ ಉದ್ದದ ಹಾಲಿಗೆ 12 ತುಂಡು ಬೇಕು, 6 ಟೈಲಿನಲ್ಲಿ ಮುಗಿಯುತ್ತದೆ. ದಿಕ್ಕಿರುವ ನಾರು-ಎಳೆ ಡಿಸೈನು ಮಾತ್ರ ಕೊಳ್ಳಬೇಡಿ, ಮರದ ಹಾಗೆ ಕಾಣುವುದಂತೂ ಬೇಡ. ತಿರುಗಿಸಿದ ತ್ರಿಕೋನದಲ್ಲಿ ಬಣ್ಣದ ಹರಿವು ಉಲ್ಟಾ ಆಗಿ ಗೋಡೆಯುದ್ದಕ್ಕೂ ಎದ್ದು ಕಾಣುತ್ತದೆ.

ಬ್ಲೇಡ್ 2 ಮಿ.ಮೀ. ತಿನ್ನುತ್ತದೆ. ಆ ಕೊರತೆಯನ್ನು ಟೈಲು-ಟೈಲಿನ ನಡುವೆ ಹಂಚಬೇಡಿ, ಪೂರಾ ಗೋಡೆಯ ಕಡೆ ತಳ್ಳಿ. ಸ್ಕರ್ಟಿಂಗ್ ಬಂದು ಮುಚ್ಚುತ್ತದೆ. ತ್ರಿಕೋನದ ಚೂಪು ತುದಿಯನ್ನು ಎರಡು ಇಂಚು ಮುರಿದೇ ಕೂರಿಸಿ, ಇಲ್ಲದಿದ್ದರೆ ಅಡಿಯಲ್ಲಿ ಗಾರೆ ತುಂಬದೆ ಟೊಳ್ಳಾಗಿ, ಮೇಲೆ ಕುರ್ಚಿ ಎಳೆದ ದಿನ ತಾನೇ ಮುರಿಯುತ್ತದೆ. ಆ ಎರಡು ಇಂಚಿನ ಜಾಗಕ್ಕೆ ಅದೇ ಬಣ್ಣದ ಎಪಾಕ್ಸಿ ತುಂಬಿಸಿ.